ಗಾಳಿಯ ಬಾಗಿಲು ಅಗಲಿಸಿದರೆ ಎಂಜಿನ್‌ನ ಬಲ ಹೆಚ್ಚುವುದೇ?

ಒಂದು ರೂಪಾಯಿಯ ನಾಣ್ಯಕ್ಕಿಂತ ದೊಡ್ಡದಲ್ಲದ ಒಂದು ರಂಧ್ರ. ವ್ಯಾಸ 20 ಮಿಲಿಮೀಟರ್. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ವಿನ್ಯಾಸಗೊಳಿಸಿ ಕಟ್ಟಿದ ಕಾರುಗಳೊಡನೆ ಸೆಣಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಲ್ಲಿ, ಪೆಟ್ರೋಲ್ ಎಂಜಿನ್ ಸೇದುವ ಗಾಳಿಯೆಲ್ಲವೂ ಈ ಒಂದೇ ರಂಧ್ರದ ಮೂಲಕ ಹಾದುಹೋಗಬೇಕೆಂಬುದು ಕಟ್ಟುನಿಟ್ಟಿನ ನಿಯಮ. 1981ರಲ್ಲಿ ಅಮೆರಿಕದಲ್ಲಿ ಫಾರ್ಮುಲಾ ಎಸ್‌ಎಇ ಎಂಬ ಹೆಸರಿನಿಂದ ಆರಂಭವಾದ ಈ ಪರಂಪರೆ ಇಂದು ಅನೇಕ ದೇಶಗಳಿಗೆ ಹಬ್ಬಿದೆ. ಕೊಯಂಬತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ‘ಫಾರ್ಮುಲಾ ಭಾರತ್’ ಇದರ ಭಾರತೀಯ ರೂಪ.

ಈ ನಿಯಮದ ಹಿಂದಿನ ತರ್ಕ ಸರಳವಾದುದು. ಎಂಜಿನ್‌ನ ಶಕ್ತಿಗೆ ಮಿತಿ ಹಾಕಲು ಪೆಟ್ರೋಲನ್ನು ತಡೆಯಬೇಕಾಗಿಲ್ಲ, ಗಾಳಿಯನ್ನು ತಡೆದರೆ ಸಾಕು. ಇದೇ ತರ್ಕವನ್ನು ತಲೆಕೆಳಗು ಮಾಡಿ, ಗಾಳಿಯ ಬಾಗಿಲನ್ನು ಅಗಲಿಸಿದರೆ ಶಕ್ತಿ ತಾನಾಗಿ ಹೆಚ್ಚೀತೆಂದು ನಂಬುವ ಯುವಕರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಪ್ಲಸ್ ಟು ಮುಗಿಸಿದ ಮಗ ಮನೆಯ ಬೈಕಿಗೆ ದೊಡ್ಡ ಥ್ರಾಟಲ್ ಬಾಡಿ ಹಾಕಿಸಲೇಬೇಕೆಂದು ಹಠ ಹಿಡಿದಾಗ, ಬರಿಯ ‘ಬೇಡ’ ಎಂಬ ಮಾತು ಅವನನ್ನು ಒಪ್ಪಿಸಲಾರದು. ಅವನಿಗೆ ಕಾರಣ ಬೇಕು. ಆ ಕಾರಣಗಳ ಬಹುಪಾಲು ಹೈಸ್ಕೂಲಿನ ವಿಜ್ಞಾನದಲ್ಲಿಯೇ ದೊರೆಯುತ್ತದೆ, ಉಳಿದುದು ಕಾನೂನಿನಲ್ಲಿದೆ.

ಇಕ್ಕಟ್ಟು ಎಲ್ಲಿದೆ?

ಎಂಜಿನ್ ಎಂಬುದು ಮೂಲತಃ ಗಾಳಿಯನ್ನು ಒಳಗೆಳೆದು ಹೊರದೂಡುವ ಪಂಪು. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಇಂಧನವನ್ನು ಎಷ್ಟು ಬೇಕಾದರೂ ಚಿಮ್ಮಿಸಬಹುದು. ಅದನ್ನು ಉರಿಸಲು ತಕ್ಕಷ್ಟು ಗಾಳಿ ಒಳಬರುವುದೇ ಕಷ್ಟ. ಫಿಲ್ಟರನ್ನು ದಾಟಿದ ಗಾಳಿ ಮೊದಲು ಥ್ರಾಟಲ್ ಬಾಡಿಗೆ ಬರುತ್ತದೆ. ಅದರೊಳಗಿನ ದುಂಡು ತಗಡು, ಚಾಲಕನ ಕೈ ಅಥವಾ ಕಾಲಿನ ಅಪ್ಪಣೆಯಂತೆ ತೆರೆದು ಮುಚ್ಚುತ್ತದೆ. ಅಲ್ಲಿಂದ ಮುಂದೆ ಗಾಳಿಯನ್ನು ಒಂದೊಂದು ಸಿಲಿಂಡರಿಗೂ ಹಂಚುವ ಕೊಳವೆಗಳ ಗುಂಪೇ ಇನ್‌ಟೇಕ್ ಮ್ಯಾನಿಫೋಲ್ಡ್. ಕೊನೆಯಲ್ಲಿ ವಾಲ್ವ್, ಅದರಾಚೆ ಸಿಲಿಂಡರ್.

ಅಡಿಕೆ ತೋಟಕ್ಕೆ ನೀರಿನ ಪೈಪು ಎಳೆದವರಿಗೆ ಮುಂದಿನ ಮಾತು ಹೊಸದಲ್ಲ. ಎರಡು ಇಂಚಿನ ಪೈಪಿನ ನಡುವೆ ಅರ್ಧ ಇಂಚಿನ ತುಂಡೊಂದು ಸೇರಿಕೊಂಡಿದ್ದರೆ, ಪಂಪಿನ ಬುಡದ ಪೈಪನ್ನು ಮೂರು ಇಂಚಿಗೆ ಏರಿಸಿದರೂ ತುದಿಯ ಸ್ಪ್ರಿಂಕ್ಲರ್ ಮೊದಲಿನಂತೆಯೇ ತಿರುಗುತ್ತದೆ. ಹರಿವನ್ನು ನಿರ್ಧರಿಸುವುದು ಹಾದಿಯ ಅತ್ಯಂತ ಇಕ್ಕಟ್ಟಾದ ಜಾಗ.

ಫಾರ್ಮುಲಾ ಸ್ಟೂಡೆಂಟ್ ಕಾರಿನಲ್ಲಿ ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ನಾಲ್ಕು ಸ್ಟ್ರೋಕಿನ 600 ಸಿಸಿ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಸೇದುತ್ತದೆ. ನಿಮಿಷಕ್ಕೆ 12,000 ಸುತ್ತಿನ ವೇಗದಲ್ಲಿ ಅದು ಸೆಕೆಂಡಿಗೆ 60 ಲೀಟರ್, ಅಂದರೆ ಸುಮಾರು 70 ಗ್ರಾಂ ಗಾಳಿ. ಇತ್ತ 20 ಮಿಲಿಮೀಟರ್ ರಂಧ್ರದಲ್ಲಿ ಗಾಳಿಯ ವೇಗ ಶಬ್ದದ ವೇಗವನ್ನು ಮುಟ್ಟಿದ ಮೇಲೆ, ಆಚೆಯಿಂದ ಎಷ್ಟು ಬಲವಾಗಿ ಎಳೆದರೂ ಹರಿವು ಹೆಚ್ಚುವುದಿಲ್ಲ. ಆ ಗರಿಷ್ಠ ಮಿತಿಯೂ ಸೆಕೆಂಡಿಗೆ 70 ಗ್ರಾಂ ಆಸುಪಾಸಿನಲ್ಲಿಯೇ ಇದೆ. ಆದ್ದರಿಂದ ಅದಕ್ಕೂ ಮೇಲೆ ಎಂಜಿನ್ ಎಷ್ಟು ವೇಗವಾಗಿ ತಿರುಗಿದರೂ ಫಲವಿಲ್ಲ. ಟರ್ಬೊ ಇಲ್ಲದ ಎಂಜಿನ್‌ಗಳಲ್ಲಿ ಈ ರಂಧ್ರ ಥ್ರಾಟಲ್ ಬಾಡಿಯ ನಂತರ ಬರುತ್ತದೆ. ಅಲ್ಲಿ 40 ಮಿಲಿಮೀಟರಿನ ಥ್ರಾಟಲ್ ಇರಲಿ, 50 ಮಿಲಿಮೀಟರಿನದೇ ಇರಲಿ, ಗರಿಷ್ಠ ಶಕ್ತಿ ಒಂದೇ. ಇದನ್ನರಿತ ವಿದ್ಯಾರ್ಥಿಗಳು ಥ್ರಾಟಲಿನ ಗಾತ್ರಕ್ಕಿಂತ ರಂಧ್ರದ ಆಕಾರಕ್ಕೆ ಹೆಚ್ಚು ಗಮನ ಕೊಡುತ್ತಾರೆ. ರಂಧ್ರದಿಂದಾಚೆಗೆ ಹಾದಿಯನ್ನು ನಿಧಾನವಾಗಿ, ಕೆಲವೇ ಡಿಗ್ರಿಗಳ ಕೋನದಲ್ಲಿ ಅಗಲಿಸಿದರೆ ಗಾಳಿ ಕಳೆದುಕೊಂಡ ಒತ್ತಡದ ಬಹುಪಾಲು ಮರಳಿ ಸಿಗುತ್ತದೆ. ಥಟ್ಟನೆ ಅಗಲಿಸಿದರೆ ಅದು ಸುಳಿಗಳಲ್ಲಿ ವ್ಯರ್ಥವಾಗುತ್ತದೆ.

ದೊಡ್ಡ ಥ್ರಾಟಲಿನ ಭ್ರಮೆ

ಹಾಗಾದರೆ ದೊಡ್ಡ ಥ್ರಾಟಲ್ ಹಾಕಿಸಿದವರು ‘ಗಾಡಿ ಹಾರುತ್ತದೆ’ ಎನ್ನುವುದು ಸುಳ್ಳೇ? ಸಂಪೂರ್ಣ ಸುಳ್ಳಲ್ಲ. 28 ಮಿಲಿಮೀಟರಿನ ಥ್ರಾಟಲನ್ನು 34ಕ್ಕೆ ಏರಿಸಿದರೆ ಬಾಗಿಲಿನ ವಿಸ್ತೀರ್ಣ ಶೇಕಡ 47ರಷ್ಟು ಹೆಚ್ಚುತ್ತದೆ. ಕಾಲು ಭಾಗ ತಿರುಚಿದಾಗಲೇ ಮೊದಲಿಗಿಂತ ಹೆಚ್ಚು ಗಾಳಿ ನುಗ್ಗುತ್ತದೆ. ಸವಾರನಿಗೆ ಅದು ಹೊಸ ಶಕ್ತಿಯಂತೆ ಭಾಸವಾಗುತ್ತದೆ. ವಾಸ್ತವದಲ್ಲಿ ಹಳೆಯ ಥ್ರಾಟಲನ್ನು ಇನ್ನಷ್ಟು ತಿರುಚಿದ್ದರೆ ಸಿಗುತ್ತಿದ್ದ ಶಕ್ತಿಯೇ ಈಗ ಬೇಗನೆ ಸಿಕ್ಕಿದೆ. ಪೂರ್ತಿ ತಿರುಚಿದಾಗ ಎರಡಕ್ಕೂ ಇರುವ ವ್ಯತ್ಯಾಸ ಬಹಳ ಸಲ ಅತ್ಯಲ್ಪ. ನಿಧಾನವಾಗಿ ಸಾಗಬೇಕಾದ ಸಂತೆಬೀದಿಯಲ್ಲಿ ಮಾತ್ರ ಗಾಡಿ ಕೈಗೆ ಸಿಗದಂತೆ ಜಿಗಿಯತೊಡಗುತ್ತದೆ.

ಇದನ್ನು ಅಳೆಯುವ ಉಪಾಯವೂ ಇದೆ. ಇಂದಿನ ಅನೇಕ ಕಾರುಗಳ ಮ್ಯಾನಿಫೋಲ್ಡಿನಲ್ಲಿ ಒತ್ತಡವನ್ನು ಅಳೆಯುವ ಸೆನ್ಸರ್ ಇರುತ್ತದೆ. ಟರ್ಬೊ ಇಲ್ಲದ ಎಂಜಿನ್ ಪೂರ್ಣ ಥ್ರಾಟಲಿನಲ್ಲಿ ಗರಿಷ್ಠ ವೇಗದಿಂದ ತಿರುಗುವಾಗ, ಹೊರಗಿನ ಒತ್ತಡ 100 ಕಿಲೋಪಾಸ್ಕಲ್ ಇದ್ದು ಒಳಗೆ 98 ತೋರಿದರೆ, ಫಿಲ್ಟರಿನಿಂದ ಥ್ರಾಟಲಿನವರೆಗಿನ ಹಾದಿಯಲ್ಲಿ ನಷ್ಟವಾಗುತ್ತಿರುವುದು ಶೇಕಡ 2 ಮಾತ್ರ. ಆ ಭಾಗವನ್ನೆಲ್ಲ ಬದಲಿಸಿದರೂ ಲಾಭ ಅದಕ್ಕಿಂತ ಹೆಚ್ಚೇನೂ ಆಗದು. 90 ತೋರಿದರೆ ಮಾತ್ರ ಅಲ್ಲಿ ನಿಜವಾದ ಇಕ್ಕಟ್ಟಿದೆ ಎನ್ನಬಹುದು. ಎಂಜಿನ್‌ನ ಗಾತ್ರ, ಕ್ಯಾಮ್, ವಾಲ್ವ್, ಸೈಲೆನ್ಸರ್ ಇವೆಲ್ಲವನ್ನೂ ಬದಲಿಸಿದ ರೇಸಿಂಗ್ ಗಾಡಿಗಳಲ್ಲಿ ದೊಡ್ಡ ಥ್ರಾಟಲ್ ಸಾರ್ಥಕವಾಗುವುದು ಇದೇ ಕಾರಣದಿಂದ.

ಇನ್ನೊಂದು ಅಪಾಯವೂ ಇದೆ. ಥ್ರಾಟಲ್ ಎಷ್ಟು ತೆರೆದಿದೆ ಎಂಬುದನ್ನು ನೋಡಿ ಎಷ್ಟು ಗಾಳಿ ಬಂದಿದೆಯೆಂದು ಊಹಿಸಿ, ಅದಕ್ಕೆ ತಕ್ಕ ಪೆಟ್ರೋಲು ಬಿಡುವ ಕಂಪ್ಯೂಟರ್ ಅನೇಕ ಬೈಕುಗಳಲ್ಲಿದೆ. ಬಾಗಿಲು ದೊಡ್ಡದಾದುದು ಅದಕ್ಕೆ ತಿಳಿಯದು. ಗಾಳಿ ಹೆಚ್ಚಿ ಪೆಟ್ರೋಲು ಕಡಿಮೆಯಾದರೆ ಎಂಜಿನ್ ಕಾಯುತ್ತದೆ, ಬಡಿತದ ಸದ್ದು ಹೊರಡುತ್ತದೆ, ಕೊನೆಗೆ ಪಿಸ್ಟನ್‌ಗೇ ಹಾನಿಯಾಗಬಹುದು.

ಕೊಳವೆಯೊಳಗಿನ ಅಲೆ

ಮ್ಯಾನಿಫೋಲ್ಡಿನ ಕಥೆ ಇನ್ನೂ ಕುತೂಹಲಕರ. ಅಲ್ಲಿ ಅಗಲದಷ್ಟೇ ಉದ್ದವೂ ಮುಖ್ಯ. ಪಿಸ್ಟನ್ ಕೆಳಗಿಳಿದು ಗಾಳಿಯನ್ನು ಎಳೆದಾಗ ಕೊಳವೆಯಲ್ಲಿ ಒತ್ತಡ ತಗ್ಗಿದ ಅಲೆಯೊಂದು ಹೊರಟು, ತೆರೆದ ತುದಿಯನ್ನು ಮುಟ್ಟಿ, ಒತ್ತಡ ಹೆಚ್ಚಿದ ಅಲೆಯಾಗಿ ಮರಳುತ್ತದೆ. ವಾಲ್ವ್ ಮುಚ್ಚುವ ಮುನ್ನವೇ ಅದು ಬಂದು ತಲುಪಿದರೆ ಸಿಲಿಂಡರಿಗೆ ಒಂದಿಷ್ಟು ಹೆಚ್ಚು ಗಾಳಿಯನ್ನು ತಳ್ಳಿಕೊಡುತ್ತದೆ.

ಪಿಸ್ಟನ್ನಿನ ಸೆಳೆತ ಅತ್ಯಧಿಕವಾದ ಕ್ಷಣದಿಂದ ಅಲೆ ಮರಳಬೇಕಾದ ಕ್ಷಣದವರೆಗೆ ಕ್ರ್ಯಾಂಕ್ ಸುಮಾರು 90 ಡಿಗ್ರಿ ತಿರುಗುತ್ತದೆಂದು ಇಟ್ಟುಕೊಳ್ಳೋಣ. ನಿಮಿಷಕ್ಕೆ 6,000 ಸುತ್ತಿನಲ್ಲಿ ಅದಕ್ಕೆ ಹಿಡಿಯುವ ಕಾಲ 2.5 ಮಿಲಿಸೆಕೆಂಡ್. ಅಷ್ಟರಲ್ಲಿ ಶಬ್ದ ಕ್ರಮಿಸುವ ದೂರ ಸುಮಾರು 86 ಸೆಂಟಿಮೀಟರ್. ಹೋಗಿ ಬರುವ ದಾರಿಯಾದ್ದರಿಂದ ಕೊಳವೆಯ ಉದ್ದ ಅದರ ಅರ್ಧ, 43 ಸೆಂಟಿಮೀಟರ್. ವೇಗ 3,000ಕ್ಕೆ ಇಳಿದರೆ ಉದ್ದ ಇಮ್ಮಡಿಯಾಗಬೇಕು. 12,000ಕ್ಕೆ ಏರಿದರೆ ಅರ್ಧವಾಗಬೇಕು. ಒಂದು ವೇಗಕ್ಕೆ ಹೊಂದುವ ಉದ್ದ ಇನ್ನೊಂದಕ್ಕೆ ಹೊಂದದು.

1960ರ ಕ್ರೈಸ್ಲರ್ 300ಎಫ್ ಕಾರು ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ 6.8 ಲೀಟರಿನ ಎಂಜಿನ್‌ಗೆ ಸುಮಾರು 76 ಸೆಂಟಿಮೀಟರ್ ಉದ್ದದ ಕೊಳವೆಗಳನ್ನು ಅಳವಡಿಸಿ 375 ಅಶ್ವಶಕ್ತಿ ಪಡೆದಿದ್ದರು. ಟಾರ್ಕ್ ಎಂಬ ತಿರುಗುಬಲ ನಿಮಿಷಕ್ಕೆ 2,800 ಸುತ್ತಿನಲ್ಲಿಯೇ ಶಿಖರ ಮುಟ್ಟುತ್ತಿತ್ತು. ಕೊಳವೆಯ ಪರಿಣಾಮಕಾರಿ ಉದ್ದವನ್ನು ಅರ್ಧಕ್ಕೆ ಇಳಿಸಿದ ಇನ್ನೊಂದು ಆವೃತ್ತಿಗೆ 400 ಅಶ್ವಶಕ್ತಿಯಿತ್ತು. ಆದರೆ ಅದರ ಗರಿಷ್ಠ ತಿರುಗುಬಲ ಮೊದಲಿನದಕ್ಕಿಂತ ಕಡಿಮೆ. ಅದೂ ಇನ್ನಷ್ಟು ವೇಗದಲ್ಲಿ ತಿರುಗಿದ ಮೇಲೆಯೇ ಸಿಗುತ್ತಿತ್ತು. ಘಾಟಿ ಹತ್ತುವವನಿಗೂ ಭಾರ ಹೊರುವವನಿಗೂ ಬೇಕಾದುದು ಕಡಿಮೆ ವೇಗದ ಬಲ. ಗಿಡ್ಡ ಕೊಳವೆ ಆ ಬಲವನ್ನು ಕಸಿದು, ಊರ ರಸ್ತೆಯಲ್ಲಿ ಎಂದೂ ಬಳಸಲಾಗದ ವೇಗದಲ್ಲಿ ಶಕ್ತಿಯನ್ನು ಕೊಡುತ್ತದೆ.

ದಂಡ ಯಾರಿಗೆ?

ವಿದ್ಯಾರ್ಥಿಗಳ ರೇಸಿಂಗ್ ಕಾರು ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲ. ಮನೆಯ ಬೈಕು ಇಳಿಯುತ್ತದೆ. ಅಲ್ಲಿ ಮೋಟಾರು ವಾಹನ ಕಾಯಿದೆ ಅನ್ವಯಿಸುತ್ತದೆ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಕಾಯಿದೆಯ 52ನೆಯ ಸೆಕ್ಷನ್ ಹೇಳುತ್ತದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿಯೇ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಭಾಗವೊಂದನ್ನು ಬದಲಿಸಿದ ಮಾತ್ರಕ್ಕೆ ಪ್ರತಿಯೊಂದೂ ಅಪರಾಧವಾಗುವುದಿಲ್ಲ. ಸವೆದ ಥ್ರಾಟಲ್ ಬಾಡಿಯ ಜಾಗಕ್ಕೆ ಅದೇ ಮಾದರಿಯ ಹೊಸದನ್ನು ಹಾಕುವುದು ದುರಸ್ತಿ. ಎಂಜಿನ್‌ನ ಶಕ್ತಿಯನ್ನೂ ಹೊಗೆಯ ಪ್ರಮಾಣವನ್ನೂ ಬದಲಿಸಲೆಂದು ಬೇರೆ ಅಳತೆಯದನ್ನು ಹಾಕುವುದು ಬೇರೆಯೇ ಮಾತು.

ಮನೆಯವರು ಗಮನಿಸಬೇಕಾದ ಪದವೊಂದು ಈ ಸೆಕ್ಷನ್ನಿನಲ್ಲಿದೆ. ಅದು ‘ಸವಾರ’ ಎನ್ನುವುದಿಲ್ಲ, ‘ವಾಹನದ ಮಾಲೀಕ’ ಎನ್ನುತ್ತದೆ. ಮಗ ಓಡಿಸುವ ಬೈಕಿನ ನೋಂದಣಿ ಪತ್ರದಲ್ಲಿ ಎಷ್ಟೋ ಮನೆಗಳಲ್ಲಿ ಇರುವುದು ತಂದೆಯ ಅಥವಾ ತಾಯಿಯ ಹೆಸರು. ಓಡಿಸಿದವನಿಗೆ 18 ವರ್ಷ ತುಂಬದೆ ಅವನು ಅಪರಾಧವೆಸಗಿದರಂತೂ 199ಎ ಸೆಕ್ಷನ್ ಪೋಷಕರನ್ನೋ ಮಾಲೀಕರನ್ನೋ ಹೊಣೆಗಾರರನ್ನಾಗಿಸುತ್ತದೆ. ತಮಗೆ ತಿಳಿಯದೆ ನಡೆದುದೆಂದು ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದು ಅವರು ಸಾಬೀತುಪಡಿಸದಿದ್ದರೆ, ಮೂರು ವರ್ಷಗಳವರೆಗೆ ಸೆರೆವಾಸಕ್ಕೂ 25,000 ರೂಪಾಯಿ ದಂಡಕ್ಕೂ ಅಲ್ಲಿ ಅವಕಾಶವಿದೆ.

ಮಗನ ಆಸೆ ತಪ್ಪಲ್ಲ. ಅದು ಸರಿಯಾದ ಜಾಗಕ್ಕೆ ತಲುಪಬೇಕಾಗಿದೆ. ಗ್ಯಾರೇಜಿಗೆ ಹಣ ಕೊಡುವ ಮುನ್ನ ಅವನೊಡನೆ ಕುಳಿತು ಮೂರು ಪ್ರಶ್ನೆ ಕೇಳಬಹುದು: ಹಾದಿಯಲ್ಲಿ ಇಕ್ಕಟ್ಟು ಎಲ್ಲಿದೆ? ಅದನ್ನು ಅಳೆದವರು ಯಾರು? ಬಲ ಬೇಕಾದುದು ಯಾವ ವೇಗದಲ್ಲಿ? ಉತ್ತರ ಹುಡುಕಲು ಕಾಗದ, ಪೆನ್ಸಿಲು, ಶಬ್ದದ ವೇಗ ಮತ್ತು ವೃತ್ತದ ವಿಸ್ತೀರ್ಣದ ಸೂತ್ರ ಸಾಕು. ಇವೆಲ್ಲವನ್ನೂ ಅವನು ಶಾಲೆಯಲ್ಲಿ ಕನ್ನಡದಲ್ಲಿಯೇ ಕಲಿತಿದ್ದಾನೆ. ಆ ಲೆಕ್ಕ ಅವನಿಗೆ ಹಿಡಿಸಿದರೆ ಮುಂದೊಂದು ದಿನ ಎಂಜಿನಿಯರಿಂಗ್ ಕಾಲೇಜಿನ ತಂಡವೊಂದರ ಜೊತೆ ಕೊಯಂಬತ್ತೂರಿಗೆ ಹೋಗಿ, 20 ಮಿಲಿಮೀಟರಿನ ಆ ರಂಧ್ರದ ಮುಂದೆ ತನ್ನ ಜಾಣ್ಮೆಯನ್ನು ಪರೀಕ್ಷಿಸಿಕೊಳ್ಳಬಹುದು.