ನೆಲವೇ ಡೊಂಕಾಗಿದ್ದಾಗ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಉಪಾಧ್ಯಾಯ ವೃತ್ತಿಯಲ್ಲಿದ್ದ ಮೂವತ್ತು ವರ್ಷಗಳಲ್ಲಿ ಈ ಗಾದೆಯನ್ನು ನಾನು ಎಷ್ಟು ಹುಡುಗರ ಮೇಲೆ ಪ್ರಯೋಗಿಸಿದೆನೋ ಲೆಕ್ಕವಿಲ್ಲ. ಲೇಖನಿ ಕೆಟ್ಟಿದೆ ಎಂದವನಿಗೂ ಅದೇ ಉತ್ತರ, ಕೈವಾರ ಸಡಿಲವಾಗಿದೆ ಎಂದವನಿಗೂ ಅದೇ ಉತ್ತರ. ಈ ಗಾದೆಯ ವಿಷಯದಲ್ಲಿ ನನಗೆ ಮೊದಲ ಬಾರಿ ಅನುಮಾನ ಹುಟ್ಟಿದ್ದು ಅಮೆರಿಕದ ವರ್ಮಾಂಟ್ ಸಂಸ್ಥಾನದಲ್ಲಿ, ಸ್ಟೋವ್ ಎಂಬ ಊರಿನ ಹತ್ತಿರ, ಹಳೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ.

ಅದರ ಹಿಂದಿನ ದಿನ ಮಗಳ ಒತ್ತಾಯಕ್ಕೆ ಮಣಿದು ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ನಿಂತಿದ್ದೆ. ಸ್ಕೀ ಎಂದರೆ ಮತ್ತೇನಲ್ಲ. ಮುಂದಿನ ತುದಿ ಮೇಲಕ್ಕೆ ಬಾಗಿರುವ ಎರಡು ನೀಳವಾದ ಹಲಗೆಗಳು. ಅವುಗಳಿಗೆ ಪಾದರಕ್ಷೆಯನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುತ್ತ ಇಳಿಯುವುದು. ನನಗೆ ಬಾಡಿಗೆಗೆ ಕೊಟ್ಟ ಹಲಗೆಗಳು ನನ್ನ ಗದ್ದದ ಎತ್ತರಕ್ಕಿದ್ದುವು. ಏಳು ಬಾರಿ ಬಿದ್ದೆ. ಆದರೆ ಮಧ್ಯಾಹ್ನದ ಹೊತ್ತಿಗೆ, ಮಕ್ಕಳು ಕಲಿಯುವ ಸಣ್ಣ ಇಳಿಜಾರಿನಲ್ಲಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಬೀಳದೆ ನಿಂತೆ. ಅರುವತ್ತು ದಾಟಿದವನಿಗೆ ಇದು ಸಣ್ಣ ಜಂಬದ ವಿಷಯವಲ್ಲ. ಆ ಜಂಬ ಒಂದು ರಾತ್ರಿ ಮಾತ್ರ ಉಳಿಯಿತು.

ಅಂಗಡಿಯ ಮೂಲೆಯಲ್ಲಿ ಒಂದು ಜೊತೆ ಮರದ ಸ್ಕೀಗಳು ಗೋಡೆಗೆ ಒರಗಿ ನಿಂತಿದ್ದುವು. ಹಿಕರಿ ಮರ, ಜೇನಿನ ಬಣ್ಣ, ಎಣ್ಣೆ ಕುಡಿದು ನಯವಾದ ಮೈ. ನಾನು ನೋಡುತ್ತಿರುವುದನ್ನು ಕಂಡು ಅಂಗಡಿಯ ಮುದುಕರು ಹತ್ತಿರ ಬಂದು, “ಕೈ ಮೇಲೆತ್ತಿ” ಎಂದರು. ಎತ್ತಿದೆ. ಒಂದು ಹಲಗೆಯನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿದರು. ಅದರ ತುದಿ ನನ್ನ ಮಣಿಕಟ್ಟಿಗೆ ತಾಕಿತು. “ಸರಿಯಾದ ಅಳತೆ” ಎಂದು ನಕ್ಕರು. ಹಿಂದಿನ ಕಾಲದಲ್ಲಿ ಸ್ಕೀ ಕೊಳ್ಳುವವನಿಗೆ ಅಳತೆ ಎಂದರೆ ಅದೇ. ಕೈಗೆ ತೆಗೆದುಕೊಂಡರೆ ಒನಕೆಯ ಭಾರ. ಅಂಚಿನುದ್ದಕ್ಕೂ ಉಕ್ಕಿನ ಸಣ್ಣ ಸಣ್ಣ ಪಟ್ಟಿಗಳು, ಪ್ರತಿಯೊಂದಕ್ಕೂ ತಿರುಪು ಮೊಳೆಗಳು. ಹಿಂದಿನ ದಿನ ಇವನ್ನು ಕಟ್ಟಿಕೊಂಡಿದ್ದರೆ ಎಂಟನೆಯ ಬಾರಿ ಬೀಳುವ ಪ್ರಶ್ನೆಯೇ ಇರಲಿಲ್ಲ; ಮೊದಲನೆಯ ಬಾರಿ ಬಿದ್ದಲ್ಲಿಂದಲೇ ಏಳುತ್ತಿರಲಿಲ್ಲ.

ಆದರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಹಲಗೆಯ ಎರಡು ತುದಿಗಳೂ ಕೊಂಚ ಅಗಲ, ನಡು ಕೊಂಚ ಸಣ್ಣ. ಬಾಡಿಗೆಯ ಹಲಗೆಗೂ ಇದೇ ಆಕಾರವಿದ್ದಿತು; ಅದರಲ್ಲಿ ನಡು ಎದ್ದು ಕಾಣುವಷ್ಟು ಸಣ್ಣ, ಇದರಲ್ಲಿ ಕಣ್ಣು ಕಿರಿದು ಮಾಡಿಕೊಂಡು ನೋಡಬೇಕು. ಸ್ಕೀಯ ಚರಿತ್ರೆಯ ಬಹುಭಾಗ ಈ ನಡುವಿನಲ್ಲಿಯೇ ಅಡಗಿದೆಯೆಂಬುದು ಆಮೇಲೆ ಓದಿದಾಗ ತಿಳಿಯಿತು.

ಹಿಮದ ಮೇಲೆ ಹಲಗೆ ಕಟ್ಟಿ ನಡೆಯುವ ವಿದ್ಯೆ ಸಾವಿರಾರು ವರ್ಷ ಹಳೆಯದು. ನಾರ್ವೆಯ ಡಿಗರ್‌ವಾರ್ಡನ್ ಎಂಬಲ್ಲಿ ಕರಗುತ್ತಿರುವ ಹಿಮರಾಶಿಯಿಂದ ೨೦೧೪ರಲ್ಲಿ ಒಂದು ಸ್ಕೀಯೂ ೨೦೨೧ರಲ್ಲಿ ಅದರ ಜೊತೆಯದೂ ಹೊರಬಂದುವು. ಸುಮಾರು ೧೩೦೦ ವರ್ಷದ ಹಿಂದಿನವು. ಏಳು ವರ್ಷದ ವಿರಹದ ಮೇಲೆ ಜೊತೆಗೂಡಿದುವು! ಆದರೆ ಅಂಥವು ದಾರಿ ನಡೆಯುವವರ ಹಲಗೆಗಳು. ಇಳಿಯುವುದನ್ನೇ ಒಂದು ಕಲೆಯಾಗಿ ಮಾಡಿದ ಕೀರ್ತಿ ಅದೇ ನಾರ್ವೆಯ ಟೆಲೆಮಾರ್ಕ್ ಸೀಮೆಯ ಮೋರ್ಗೆಡಾಲ್ ಹಳ್ಳಿಯ ಸೋಂದ್ರೆ ನೂರ್‌ಹೈಮ್‌ಗೆ (೧೮೨೫-೧೮೯೭) ಸಲ್ಲುತ್ತದೆ. ಪರರ ಭೂಮಿಯಲ್ಲಿ ಬಾಳುತ್ತಿದ್ದ ಬಡವ. ಹೊಸೆದ ಎಳೆಗೊಂಬೆಗಳನ್ನು ಹಿಮ್ಮಡಿಗೆ ಸುತ್ತಿ ಕಾಲನ್ನು ಹಲಗೆಗೆ ಬಿಗಿದ. ಹಲಗೆಯ ನಡುವನ್ನು ಸಣ್ಣದಾಗಿ ಕೆತ್ತಿದ. ೧೮೬೮ರಲ್ಲಿ, ೪೨ರ ವಯಸ್ಸಿನಲ್ಲಿ, ಇಂದು ಆಸ್ಲೊ ಎನ್ನಿಸಿಕೊಂಡಿರುವ ಕ್ರಿಸ್ಟಿಯಾನಿಯಾ ನಗರಕ್ಕೆ ಹೋಗಿ ಪಟ್ಟಣಿಗರ ಮುಂದೆ ಗೆದ್ದ. ೧೮೮೪ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ಹಿಮವಿದ್ದರೂ ಗುಡ್ಡವಿಲ್ಲದ ಉತ್ತರ ಡಕೋಟದ ಬಯಲಿನಲ್ಲಿ ಕಣ್ಣು ಮುಚ್ಚಿದ.

ನಡು ಸಣ್ಣದಾದರೆ ಏನಾಗುತ್ತದೆ? ಹಲಗೆಯನ್ನು ಪಕ್ಕಕ್ಕೆ ವಾಲಿಸಿ ಮೈಭಾರ ಹಾಕಿದಾಗ ಅಗಲವಾದ ಎರಡು ತುದಿಗಳು ಹಿಮದಲ್ಲಿ ಊರಿಕೊಳ್ಳುತ್ತವೆ, ನಡು ಕೆಳಕ್ಕೆ ಬಾಗುತ್ತದೆ. ಹಲಗೆ ಬಿಲ್ಲಾಗುತ್ತದೆ. ಆ ಬಿಲ್ಲಿನ ಅಂಚು ಹಿಮದಲ್ಲಿ ಕೊರೆಯುವ ಗೆರೆ ನೇರವಾಗಿರದೆ ವೃತ್ತದ ತುಂಡಾಗುತ್ತದೆ. ಆಗ ಸವಾರ ತಿರುಗಬೇಕಾಗಿಲ್ಲ. ಹಲಗೆಯೇ ಅವನನ್ನು ತಿರುಗಿಸಿಕೊಂಡು ಹೋಗುತ್ತದೆ. ರೇಖಾಗಣಿತ ಕಲಿತ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: ೧೮೦ ಸೆಂಟಿಮೀಟರು ಉದ್ದದ ಅಂಚು ನಡುವೆ ೭ ಮಿಲಿಮೀಟರು ಒಳಸರಿದಿದ್ದರೆ ಅದು ಸುಮಾರು ೫೮ ಮೀಟರು ತ್ರಿಜ್ಯದ ವೃತ್ತಕ್ಕೆ ಸೇರಿದ್ದು, ೨೦ ಮಿಲಿಮೀಟರು ಒಳಸರಿದರೆ ತ್ರಿಜ್ಯ ಸುಮಾರು ೨೦ ಮೀಟರಿಗೆ ಇಳಿಯುತ್ತದೆ. ಹಾಗಾದರೆ ಇನ್ನಷ್ಟು ಕೆತ್ತಿದರಾಯಿತಲ್ಲ ಎನ್ನಬಹುದು. ಮರ ಒಪ್ಪಬೇಕಲ್ಲ! ಅಗಲವಾದ ತುದಿಯ ಮೇಲೆ ಒತ್ತಡ ಬಿದ್ದಾಗ ಮರ ತಿರುಚಿಕೊಳ್ಳುತ್ತದೆ, ಅಂಚಿನ ಹಿಡಿತ ತಪ್ಪುತ್ತದೆ.

ಆದುದರಿಂದ ಬಹುಕಾಲ ಮನುಷ್ಯನೇ ಹಲಗೆಗೆ ತಕ್ಕಂತೆ ಬಾಗಿದ. ಷರ್ಲಾಕ್ ಹೋಮ್ಸನ ಕರ್ತೃ ಕೋನನ್ ಡಾಯ್ಲ್, ಹೆಂಡತಿಯ ಕ್ಷಯರೋಗದ ನಿಮಿತ್ತ ಸ್ವಿಟ್ಜರ್ಲೆಂಡಿನ ಡಾವೋಸಿನಲ್ಲಿದ್ದಾಗ, ೧೮೯೪ರಲ್ಲಿ ಎಂಟಡಿ ಉದ್ದದ ಎಲ್ಮ್ ಮರದ ಸ್ಕೀ ಕಟ್ಟಿಕೊಂಡು ಕಣಿವೆ ದಾಟಿ ಆರೋಸಾಕ್ಕೆ ಹೋದ. ಆ ಹಲಗೆಗಳ ಚಪಲಬುದ್ಧಿಯನ್ನು ನಗುನಗುತ್ತ ಬೈದು ಬರೆದನೇ ಹೊರತು ತಿದ್ದಲು ಹೋಗಲಿಲ್ಲ. ಅದು ಅವನ ಕಸುಬಲ್ಲ. ಮುಂದೆ ೧೯೨೨ರಲ್ಲಿ ಮ್ಯೂರೆನ್ ಎಂಬಲ್ಲಿ, ನೆಟ್ಟ ಧ್ವಜಗಳ ನಡುವೆ ತಿರುಗಿ ತಿರುಗಿ ಇಳಿಯುವ ಸ್ಲಾಲಂ ಪಂದ್ಯಕ್ಕೆ ಆರ್ನಲ್ಡ್ ಲನ್ ಇಂದಿನ ರೂಪವನ್ನು ಕೊಟ್ಟ. ಈತ ೧೮೮೮ರಲ್ಲಿ ಹುಟ್ಟಿದ್ದು, ಹಿಮವನ್ನೇ ಕಾಣದ ನಮ್ಮ ಮದರಾಸಿನಲ್ಲಿ! ಪಂದ್ಯ ಬಂದಮೇಲೆ ತಿರುಗುವುದು ಅನಿವಾರ್ಯವಾಯಿತು. ಮೈಯನ್ನು ಮೇಲಕ್ಕೆತ್ತಿ, ಭುಜವನ್ನು ತಿರುಚಿ, ಹಿಮ್ಮಡಿಯಿಂದ ಹಲಗೆಯನ್ನು ನೂಕುವ ಪಾಠಗಳು ಬೆಳೆದುವು. ಪಾಠ ಹತ್ತದವನು ಮಂದನೆನ್ನಿಸಿಕೊಂಡ.

ನೆಲ ಡೊಂಕು ಎಂದು ಹೇಳುವ ಧೈರ್ಯ ಬಂದದ್ದು ಬಿದ್ದವರಿಗೆ, ಬೀಳಲಿದ್ದವರಿಗೆ. ಸಾಲ್ಸ್‌ಬರ್ಗಿನಲ್ಲಿ ಲೆಕ್ಕಪತ್ರ ಬರೆಯುತ್ತಿದ್ದ ರೂಡಾಲ್ಫ್ ಲೆಟ್ನರ್ ೧೯೧೭ರಲ್ಲಿ ಗಟ್ಟಿಹಿಮದ ಮೇಲೆ ಹಿಡಿತವಿಲ್ಲದೆ ಜಾರಿಹೋಗುತ್ತಿದ್ದಾಗ, ಕೈಕೋಲಿನ ಉಕ್ಕಿನ ಮೊನೆಯನ್ನು ಊರಿ ಬದುಕಿಕೊಂಡ. ಕೋಲಿಗಿರುವ ಉಕ್ಕು ಹಲಗೆಯ ಅಂಚಿಗೆ ಏಕಿರಬಾರದು? ೧೯೨೬ರಲ್ಲಿ ಅವನು ಪೇಟೆಂಟ್ ಪಡೆದ ಉಕ್ಕಿನ ತುಂಡುಗಳ ವಂಶದವೇ ನಾನು ಕಂಡ ಪಟ್ಟಿಗಳು. ಒಂದೇ ಉದ್ದನೆಯ ಪಟ್ಟಿ ಹೊಡೆದಿದ್ದರೆ ಹಲಗೆ ಬಾಗುತ್ತಿರಲಿಲ್ಲ, ಅದಕ್ಕೇ ತುಂಡುಗಳು. ಅಮೆರಿಕದ ಓರೆಗಾನಿನಲ್ಲಿ ನೆಲೆಸಿದ್ದ ನಾರ್ವೆಯ ಯಾಲ್ಮರ್ ವಾಮ್ ಪಂದ್ಯಗಳನ್ನು ಗೆದ್ದ ಕುಶಲಿ. ೧೯೩೭ರಲ್ಲಿ ಕಾಲು ಮುರಿದುಕೊಂಡ. ಬಿದ್ದಾಗ ತಾನಾಗಿ ಕಳಚಿಕೊಂಡು ಕಾಲನ್ನು ಬಿಡುವ ಬಿಗಿಪಟ್ಟಿಯೊಂದು ಶಸ್ತ್ರಚಿಕಿತ್ಸೆಯ ಮಂಪರು ಇಳಿಯುತ್ತಿರುವಾಗ ಅವನಿಗೆ ಹೊಳೆಯಿತಂತೆ.

ಇವರೆಲ್ಲರಿಗಿಂತ ನನಗೆ ಪ್ರಿಯನಾದವನು ಹೋವರ್ಡ್ ಹೆಡ್. ಬಾಲ್ಟಿಮೋರಿನ ಮಾರ್ಟಿನ್ ವಿಮಾನ ಕಾರ್ಖಾನೆಯ ಎಂಜಿನಿಯರು. ೧೯೪೭ರಲ್ಲಿ ಇದೇ ಸ್ಟೋವ್ ಊರಿಗೆ ಬಂದು ಸ್ಕೀ ಕಟ್ಟಿ, ನನ್ನಂತೆಯೇ ಬಿದ್ದು ಎದ್ದು ಅವಮಾನಪಟ್ಟ. ಊರಿಗೆ ಮರಳುವಾಗ ಅವನು ತನ್ನನ್ನು ಹಳಿದುಕೊಳ್ಳದೆ ಮರವನ್ನು ಹಳಿದ. ಲೋಹದಲ್ಲಿ ವಿಮಾನ ಹಾರುವಾಗ ಇವರೇಕೆ ಇನ್ನೂ ಮರಕ್ಕೆ ಜೋತುಬಿದ್ದಿದ್ದಾರೆ ಎಂದು ಅವನ ತರ್ಕ. ಎರಡು ಅಲ್ಯುಮಿನಿಯಂ ತಗಡುಗಳ ನಡುವೆ ಜೇನುಗೂಡಿನಂಥ ಹಗುರವಾದ ತಿರುಳಿಟ್ಟು ಆರು ಜೊತೆ ಮಾಡಿದ. ಶಿಕ್ಷಕರ ಕೈಗೆ ಕೊಟ್ಟ, ಆರೂ ಮುರಿದುವು. ತಿರುಳನ್ನು ಬದಲಾಯಿಸಿ ಪದರ ಪದರವಾದ ಮರವನ್ನಿಟ್ಟ. ತಗಡಿಗೆ ಹಿಮ ಅಂಟಿಕೊಂಡಿತು. ತಳಕ್ಕೆ ಪ್ಲಾಸ್ಟಿಕ್ ಹಾಕಿದ. ಅಂಚು ಸವೆಯಿತು, ಉಕ್ಕು ಸೇರಿಸಿದ. ಹೀಗೆ ಮೂರು ಚಳಿಗಾಲ. ಮಾಡಿ ತಂದದ್ದನ್ನು ಬಲ್ಲವರ ಕಣ್ಣೆದುರು ಮುರಿಯಿಸಿಕೊಂಡು, ತುಂಡುಗಳನ್ನು ಆಯ್ದುಕೊಂಡು ಮತ್ತೆ ಕಾರ್ಯಾಗಾರಕ್ಕೆ ಹೋಗುವುದು ಎಷ್ಟು ಕಷ್ಟವೆಂಬುದು ಕವಿತೆ ಬರೆದು ಪತ್ರಿಕೆಗೆ ಕಳಿಸಿದವರಿಗೆ ಗೊತ್ತು.

೧೯೫೦ರಲ್ಲಿ ‘ಹೆಡ್ ಸ್ಟ್ಯಾಂಡರ್ಡ್’ ಸಿದ್ಧವಾಯಿತು. ತಗಡು ತಿರುಚಿಕೊಳ್ಳದು, ಹಲಗೆ ಸುಲಭವಾಗಿ ತಿರುಗಿತು. ಅಷ್ಟು ಸುಲಭವಾಗಿ ತಿರುಗಿತೆಂದೇ ಹಳಬರು ಅದಕ್ಕೆ ‘ಚೀಟರ್ಸ್’, ಮೋಸದ ಹಲಗೆಗಳು, ಎಂದು ಹೆಸರಿಟ್ಟರು. ಯಾರಿಗೆ ಮೋಸ? ಹತ್ತು ವರ್ಷ ಬಿದ್ದು ಕಲಿತವನಿಗೆ, ಎರಡು ವರ್ಷದಲ್ಲಿ ಕಲಿತವನಿಂದ ಮೋಸ! ಸಂಸ್ಕೃತ ವ್ಯಾಕರಣವನ್ನು ಏಟು ತಿಂದು ಕಲಿತ ನನ್ನ ಗುರುಗಳೊಬ್ಬರು ಅಚ್ಚಾದ ಮಾರ್ಗದರ್ಶಿಗಳನ್ನು ಕಂಡರೆ ಇದೇ ಧ್ವನಿಯಲ್ಲಿ ಮಾತನಾಡುತ್ತಿದ್ದರು. ಆದರೆ ೧೯೬೦ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಜಾನ್ ವ್ವಾರ್ನೆ ಲೋಹದ ಸ್ಕೀಯ ಮೇಲೆ ಇಳಿದು ಚಿನ್ನ ಗೆದ್ದಮೇಲೆ ಮೋಸದ ಮಾತು ಅಡಗಿತು. ಗಾಜಿನ ನಾರಿನ ಸ್ಕೀಗಳೂ ಬಂದುವು. ಹೆಡ್ ಮಹಾಶಯ ಕಾರ್ಖಾನೆಯನ್ನು ಮಾರಿ, ಟೆನಿಸ್ ಕಲಿಯಹೋಗಿ, ಅದೂ ಬಾರದೆ, ಈ ಸಲ ದೋಷವನ್ನು ರ‍್ಯಾಕೆಟ್ಟಿನ ಮೇಲೆ ಹೊರಿಸಿ ಅದರ ಮುಖವನ್ನೇ ದೊಡ್ಡದು ಮಾಡಿ ೧೯೭೬ರಲ್ಲಿ ಮತ್ತೊಂದು ಪೇಟೆಂಟ್ ಪಡೆದ. ಇಂಥ ಶಿಷ್ಯ ನನ್ನ ತರಗತಿಯಲ್ಲಿದ್ದಿದ್ದರೆ ನಾನು ಅವನನ್ನು ಏನು ಮಾಡುತ್ತಿದ್ದೆನೋ, ನೆನೆದರೆ ನಾಚಿಕೆಯಾಗುತ್ತದೆ.

ವಿಚಿತ್ರವೆಂದರೆ, ತಿರುಚದ ವಸ್ತು ಸಿಕ್ಕಮೇಲೂ ನಡುವನ್ನು ಧಾರಾಳವಾಗಿ ಕೊರೆಯಲು ಬಹಳ ಮಂದಿ ಹಿಂಜರಿದರು. ಉದ್ದನೆಯ, ಬಹುಮಟ್ಟಿಗೆ ನೇರವಾದ ಹಲಗೆಯೇ ನಿಜವಾದ ಹಲಗೆಯೆಂಬ ನಂಬಿಕೆ ಮರಕ್ಕಿಂತ ಗಟ್ಟಿಯಾಗಿದ್ದಿತು. ೧೯೯೦ರ ದಶಕದ ಮೊದಲಲ್ಲಿ ಸ್ಲೊವೇನಿಯದ ಎಲಾನ್ ಕಾರ್ಖಾನೆಯ ಯೂರಿ ಫ್ರಾಂಕೊ ಮತ್ತು ಪಾವೆಲ್ ಷ್ಕೋಫಿತ್ಸ್ ಎಂಬ ಎಂಜಿನಿಯರುಗಳು ನಡುವನ್ನು ಆಳವಾಗಿ ಕೊರೆದ ಸ್ಕೀಯನ್ನು ಹೊರತಂದರು. ಕೆಲವೇ ವರ್ಷಗಳಲ್ಲಿ ನೇರ ಹಲಗೆಗಳು ಅಂಗಡಿಗಳಿಂದ ಮಾಯವಾದುವು. ಮಣಿಕಟ್ಟಿನ ಎತ್ತರ ಗದ್ದಕ್ಕೆ, ಮೂಗಿಗೆ ಇಳಿಯಿತು. ಮೋರ್ಗೆಡಾಲಿನ ಬಡವನ ಕೆತ್ತನೆ ಒಂದೂಕಾಲು ಶತಮಾನದ ಮೇಲೆ ಸಾರ್ಥಕವಾಯಿತು.

ಹಳಬರ ಪರವಾಗಿಯೂ ಹೇಳಬೇಕಾದ ಮಾತಿದೆ. ಕಳಚಿಕೊಳ್ಳುವ ಪಟ್ಟಿಗಳಿಂದ ಮೊಣಕಾಲ ಕೆಳಗಿನ ಎಲುಬು ಮುರಿಯುವುದು ಬಹಳ ಕಡಿಮೆಯಾಯಿತಾದರೂ, ಗಟ್ಟಿ ಪ್ಲಾಸ್ಟಿಕ್ ಪಾದರಕ್ಷೆಗಳ ಕಾಲದಲ್ಲಿ ಮೊಣಕಾಲಿನೊಳಗಿನ ಕಟ್ಟು ಹರಿಯುವುದು ಹೆಚ್ಚಿತು. ಮೈಯೆಲ್ಲ ಅಲೆಯಾಗಿ ಎದ್ದಿಳಿಯುತ್ತಿದ್ದ ಹಳೆಯ ತಿರುವಿನ ಸೊಬಗನ್ನು ಚಲನಚಿತ್ರಗಳಲ್ಲಿ ಕಂಡಿದ್ದೇನೆ. ಅದನ್ನು ಕಳೆದುಕೊಂಡವರ ಅಳಲು ಸುಳ್ಳಲ್ಲ.

ಹಲಗೆಯನ್ನು ನಾನು ಗೋಡೆಗೆ ಒರಗಿಸಿದೆ. ಮುದುಕರು ಅದನ್ನು ಹಾಗೆ ಬಿಡಲಿಲ್ಲ. ಎರಡನ್ನೂ ತಳಕ್ಕೆ ತಳ ಸೇರಿಸಿ, ತುದಿಗಳನ್ನು ತೊಗಲಿನ ಪಟ್ಟಿಯಿಂದ ಬಿಗಿದು, ನಡುವಿನ ಸಂದಿಗೆ ಒಂದು ಸಣ್ಣ ಮರದ ತುಂಡನ್ನು ಸಿಕ್ಕಿಸಿದರು. ಇದೇಕೆಂದು ಕೇಳಿದೆ. ಬೇಸಗೆಯಲ್ಲಿ ಹಾಗಿಡದಿದ್ದರೆ ಮರ ತನ್ನ ಕಮಾನನ್ನು ಮರೆತುಬಿಡುತ್ತದೆ ಎಂದರು. ಯಾರಾದರೂ ಇವನ್ನು ಇನ್ನು ಹಿಮದ ಮೇಲೆ ಒಯ್ಯುವುದುಂಟೆ ಎಂದೆ. “ಇಲ್ಲ, ಊಟದ ಮನೆಯ ಗೋಡೆಗೆ ತೂಗುಹಾಕಲು ಕೊಳ್ಳುತ್ತಾರೆ” ಎಂದು, ಮರದ ತುಂಡು ಸರಿಯಾಗಿ ನಡುವಿಗೆ ಬಂದಿದೆಯೇ ಎಂದು ಇನ್ನೊಮ್ಮೆ ಬಗ್ಗಿ ನೋಡಿದರು.