ಗಲ್ಫಿನ ಆಫರ್ ಲೆಟರ್: ಸಹಿಗೆ ಮುಂಚಿನ ಲೆಕ್ಕ

ಹಜ್ಜ್ ಯಾರ ಮೇಲೆ ಕಡ್ಡಾಯ ಎಂಬ ಪಾಠವನ್ನು ನಾವೆಲ್ಲ ಮದ್ರಸದಲ್ಲಿ ಕಲಿತವರೇ. ಹೋಗಿಬರುವ ಖರ್ಚು ಕೈಯಲ್ಲಿದ್ದರೆ ಸಾಲದು. ಹಿಂದಿರುಗುವವರೆಗೆ ಮನೆಯವರ ಊಟ, ಬಟ್ಟೆ, ವಸತಿಗೆ ಬೇಕಾದುದನ್ನು ಇಟ್ಟು ಹೋಗುವಷ್ಟು ಇರಬೇಕು. ಇದನ್ನೇ ಇಸ್ತಿತಾಅತ್, ಅಂದರೆ ಸಾಮರ್ಥ್ಯ ಎನ್ನುತ್ತಾರೆ. ಅಲ್ಲಾಹನ ಮನೆಗೆ ಹೋಗಲು ಇಷ್ಟು ಲೆಕ್ಕ ನೋಡುವ ನಾವು, ಕಫೀಲನ ಕಂಪೆನಿಗೆ ಹೊರಡುವಾಗ ಮಾಡುವುದು ಒಂದೇ ಒಂದು ಗುಣಾಕಾರ: ರಿಯಾಲ್ ಎಷ್ಟು, ಅದಕ್ಕೆ ರೂಪಾಯಿ ಎಷ್ಟು.

ಜುಮಾದ ಪ್ರವಚನದಲ್ಲಿ ಈ ವಿಷಯ ಎತ್ತಿಕೊಳ್ಳಲು ಕಾರಣವಿತ್ತು. ಅಸರ್ ನಮಾಝಿನ ಬಳಿಕ ಜಮಾಅತಿನ ಹಿರಿಯರೊಬ್ಬರು ಮಗನ ಆಫರ್ ಲೆಟರ್ ಹಿಡಿದು ಬಂದರು. “ಉಸ್ತಾದರೇ, ದುಆ ಮಾಡಿ. ದಮ್ಮಾಮಿನಲ್ಲಿ ಕೆಲಸ. ತಿಂಗಳಿಗೆ ಲಕ್ಷದ ಮೇಲೆ!” ಮಗ ಡಿಪ್ಲೊಮಾ ಓದಿದವನು, ಊರಲ್ಲಿ 28 ಸಾವಿರ ಸಂಬಳ. ಹೆಂಡತಿ ಮತ್ತು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗುವ ಆಸೆ. ದುಆ ಮಾಡೋಣ, ಅದಕ್ಕೂ ಮೊದಲು ಒಂದು ಕಾಗದ ಪೆನ್ನು ತನ್ನಿ ಎಂದೆ.

ಲೆಟರ್‌ನಲ್ಲಿ ಬೇಸಿಕ್ 3,500 ರಿಯಾಲ್, ಮನೆ ಭತ್ಯೆ 875, ಸಾರಿಗೆ 350. ಒಟ್ಟು 4,725. ಇದರಿಂದ ಮೊದಲು ಕಳೆಯಬೇಕಾದದ್ದು ಲೆವಿ. ವಿದೇಶಿ ನೌಕರನ ಮೇಲೆ ಅವಲಂಬಿತರಾದ ಪ್ರತಿಯೊಬ್ಬರಿಗೂ ಸೌದಿ ಸರಕಾರ ಶುಲ್ಕ ವಿಧಿಸುತ್ತದೆ. 2017ರಲ್ಲಿ ತಿಂಗಳಿಗೆ 100 ರಿಯಾಲಿನಿಂದ ಶುರುವಾಗಿ, ವರ್ಷಕ್ಕೆ ನೂರರಂತೆ ಏರಿ, 2020ರಲ್ಲಿ 400 ಆಯಿತು. ಆ ವರ್ಷಗಳಲ್ಲಿ ಜುಬೈಲ್, ದಮ್ಮಾಮ್‌ಗಳಿಂದ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿದ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟೋ ಇವೆ. ಈ ಹುಡುಗನಿಗೆ ಮೂವರ ಲೆಕ್ಕದಲ್ಲಿ ತಿಂಗಳಿಗೆ 1,200. ಅದನ್ನೂ ಇಕಾಮಾ ನವೀಕರಣದ ಹೊತ್ತಿಗೆ ಮುಂಗಡವಾಗಿ ಕಟ್ಟಬೇಕು. ಕಂಪೆನಿ ಕೊಡುತ್ತದೆ ಎಂದು ಕರಾರಿನಲ್ಲಿ ಬರೆಯದಿದ್ದರೆ ಅದು ಅವನ ತಲೆಯ ಮೇಲೆಯೇ.

ಉಳಿದದ್ದು 3,525. ಅಲ್ಲಿರುವ ಅವನ ಭಾವನಿಗೆ ಫೋನ್ ಮಾಡಿ ಕೇಳಿದೆವು. ಎರಡು ಕೋಣೆಯ ಸಾಧಾರಣ ಮನೆಗೆ 1,800 ಬೇಕಂತೆ, ಅಂದರೆ ಭತ್ಯೆಯ ಎರಡರಷ್ಟು. ಈಗ ಕೈಯಲ್ಲಿ 1,725. ನಾಲ್ವರ ಊಟದ ಸಾಮಾನಿಗೆ ಬಿಗಿ ಹಿಡಿದರೂ 1,200 ಎಂದರು ಭಾವ. ಅಲ್ಲಿನ ವ್ಯಾಟ್ 2020ರಿಂದ 15 ಶೇಕಡಾ ಎಂಬುದನ್ನು ಮರೆಯಬಾರದು. ಉಳಿದದ್ದು 525. ಬೇಸಿಗೆಯ ಎಸಿ ಬಿಲ್, ಫೋನ್, ಓಡಾಟ, ದೊಡ್ಡವಳ ಶಾಲಾ ಫೀಸು ಎಲ್ಲವೂ ಅದರಲ್ಲೇ ಆಗಬೇಕು. ಹಿರಿಯರು ಸುಮ್ಮನಾದರು.

ಸೊಸೆಯನ್ನೂ ಕೂರಿಸಿ ಮಾತಾಡಿ ಎಂದೆ. ಮರುದಿನ ಅವರ ಮನೆಗೇ ಹೋದೆ. ಬಾಗಿಲ ಮರೆಯಿಂದ ಆ ಮಗಳು ಹೇಳಿದ್ದು ನಮ್ಮ ಕಾಗದದಲ್ಲಿ ಇರಲೇ ಇಲ್ಲ: “ನಾವು ಹೋದರೂ ಮಾವ ಅತ್ತೆ ಇಲ್ಲೇ ಇರುತ್ತಾರಲ್ಲ. ಅತ್ತೆಯ ಶುಗರ್ ಮಾತ್ರೆ, ರೇಷನ್, ಕರೆಂಟು, ಎಲ್ಲ ಸೇರಿ 14 ಸಾವಿರ ಬೇಕು.” ಅಂದರೆ ಸುಮಾರು 620 ರಿಯಾಲ್. 525ರಲ್ಲಿ 620 ಕಳೆಯುವುದು ಹೇಗೆ? ಮನೆ ನಡೆಸುವವಳನ್ನು ಬಿಟ್ಟು ಗಂಡಸರು ಮಾಡುವ ಲೆಕ್ಕ ಹೆಚ್ಚಾಗಿ ಹೀಗೆಯೇ ಇರುತ್ತದೆ.

ಒಬ್ಬನೇ ಹೋದರೆ? ಕಂಪೆನಿಯ ಕೋಣೆ ಸಿಗದಿದ್ದರೂ ಬೆಡ್‌ಸ್ಪೇಸು, ಮೆಸ್ಸು, ಸಣ್ಣಪುಟ್ಟ ಖರ್ಚು ಸೇರಿ 1,400ರಲ್ಲಿ ಮುಗಿಸಬಹುದು ಎಂದರು ಭಾವ. ಆಗ ಮೂರು ಸಾವಿರಕ್ಕೂ ಹೆಚ್ಚು ಉಳಿಯುತ್ತದೆ. ಊರಿನ ಸಂಬಳದ ಎರಡೂವರೆ ಪಟ್ಟು. ಇದನ್ನು ಕಡಿಮೆ ಎಂದು ನಾನು ಹೇಳಲಾರೆ. ಆದರೆ ಲೆಟರ್ ಪ್ರಕಾರ ರಜೆ ಎರಡು ವರ್ಷಕ್ಕೊಮ್ಮೆ. ಗಂಡನಿಂದ ದೂರ ಹೆಣ್ಣು ಎಷ್ಟು ಕಾಲ ಸಹಿಸಬಲ್ಲಳು ಎಂದು ಉಮರ್(ರ) ತಮ್ಮ ಮಗಳು ಹಫ್ಸಾ(ರ)ರನ್ನೇ ಕೇಳಿ, ಸೈನಿಕರ ಅವಧಿಯನ್ನು ಕೆಲವೇ ತಿಂಗಳಿಗೆ ಮಿತಿಗೊಳಿಸಿದ್ದು ಪ್ರಸಿದ್ಧ. ಆದ್ದರಿಂದ ಈ ಆಯ್ಕೆಗೂ ಹೆಂಡತಿಯ ಮನಃಪೂರ್ವಕ ಒಪ್ಪಿಗೆ ಬೇಕು.

ದುಬೈಗೆ ಹೋಗುವವರ ಲೆಕ್ಕ ಬೇರೆ. ಅಲ್ಲಿ ಲೆವಿ ಇಲ್ಲ, ವ್ಯಾಟ್ 5 ಶೇಕಡಾ. ಆದರೆ ಕುಟುಂಬದ ವೀಸಾಕ್ಕೆ ಸಂಬಳ 4,000 ದಿರ್ಹಮ್, ಅಥವಾ ವಸತಿ ಕೊಟ್ಟು 3,000 ಇರಬೇಕು. ವೀಸಾ ಸಿಕ್ಕಿತು ಎಂದ ಮಾತ್ರಕ್ಕೆ ಬದುಕು ಸಾಗುತ್ತದೆ ಎಂದರ್ಥವಲ್ಲ. ಬಾಡಿಗೆಯನ್ನು ವರ್ಷಕ್ಕೆ ಕೆಲವೇ ಚೆಕ್ಕುಗಳಲ್ಲಿ ಕೊಡಬೇಕು. ಬ್ರೋಕರ್ ಕಮಿಷನ್, ಠೇವಣಿ, ಕರೆಂಟು-ನೀರಿನ ಸಂಪರ್ಕಕ್ಕೆ ಫ್ಲ್ಯಾಟಿಗೆ 2,000 ದಿರ್ಹಮ್ ಠೇವಣಿ, ಇವೆಲ್ಲ ಮೊದಲ ಸಂಬಳ ಕೈಸೇರುವ ಮೊದಲೇ ಬೀಳುವ ಖರ್ಚು. ವರ್ಷದ ಬಾಡಿಗೆಯ 5 ಶೇಕಡಾ ನಗರಸಭೆಯ ಶುಲ್ಕವೂ ತಿಂಗಳ ಕರೆಂಟು ಬಿಲ್ಲಿನಲ್ಲೇ ಸೇರಿ ಬರುತ್ತದೆ.

ಫಿಕ್ಹ್‌ನಲ್ಲಿ ಇಜಾರ, ಅಂದರೆ ದುಡಿಮೆಯ ಕರಾರು, ಸರಿಯಾಗಲು ಕೂಲಿ ಎಷ್ಟೆಂದು ಸ್ಪಷ್ಟವಾಗಿ ಗೊತ್ತಿರಬೇಕು. “ಎಲ್ಲಾ ಸೇರಿ ಇಷ್ಟು” ಎಂಬ ಲೆಟರ್‌ನಲ್ಲಿ ಆ ಸ್ಪಷ್ಟತೆ ಎಲ್ಲಿದೆ? ಬೇಸಿಕ್ ಎಷ್ಟು, ಭತ್ಯೆ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳಿ. ಯುಎಇಯಲ್ಲಿ ಕೊನೆಗೆ ಸಿಗುವ ಗ್ರಾಚ್ಯುಯಿಟಿ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದಂತೆ, ಬೇಸಿಕ್ ಮೇಲೆ ಮಾತ್ರ. ಭತ್ಯೆ ಹಿಗ್ಗಿಸಿ ಬೇಸಿಕ್ ಕುಗ್ಗಿಸುವುದು ಏಕೆಂದು ಇದರಿಂದ ತಿಳಿಯುತ್ತದೆ. ವ್ಯವಹಾರ ಬರೆದಿಡಿ ಎಂದು ಸೂರಃ ಅಲ್‌ಬಕರದ 282ನೇ ಆಯತ್ತಿನಲ್ಲಿ ಅಲ್ಲಾಹನು ಆಜ್ಞಾಪಿಸಿರುವಾಗ ಕೇಳಲು ಸಂಕೋಚವೇಕೆ?

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ವೀಸಾಕ್ಕೆಂದು ಏಜೆಂಟ್ ಕೇಳಿದ್ದು 1 ಲಕ್ಷ 20 ಸಾವಿರ. ನಮ್ಮ ದೇಶದ ನಿಯಮದಂತೆ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೂ ರಶೀದಿ ಕೊಡಬೇಕು. ಲೈಸೆನ್ಸ್ ಇದೆಯೇ ಎಂಬುದನ್ನು ಸರಕಾರದ ಇ-ಮೈಗ್ರೇಟ್‌ನಲ್ಲಿ ನೋಡಬಹುದು. ಸೌದಿ ಕಾನೂನಿನಲ್ಲೂ ಇಕಾಮಾ, ಕೆಲಸದ ಪರವಾನಗಿ ಶುಲ್ಕ ಮಾಲೀಕನದ್ದೇ. ಈ ಲಕ್ಷಕ್ಕಾಗಿ ಹುಡುಗ ಯೋಚಿಸಿದ್ದು ಹೆಂಡತಿಯ ಮಹರ್‌ನ ಚಿನ್ನ ಬ್ಯಾಂಕಿನಲ್ಲಿ ಅಡವಿಡುವುದನ್ನು. ಮಹರ್ ಅವಳ ಸ್ವತ್ತು, ಮನೆಯ ಸ್ವತ್ತಲ್ಲ. ಅವಳನ್ನು ಯಾರೂ ಕೇಳಿರಲಿಲ್ಲ. ಅದರ ಮೇಲೆ ಬಡ್ಡಿ ಬೇರೆ. ಹಲಾಲ್ ದುಡಿಮೆಯ ಮೊದಲ ಹೆಜ್ಜೆಯೇ ಬಡ್ಡಿಯಲ್ಲಿ ಬೀಳಬೇಕೇ?

ಹುಡುಗ ಕಂಪೆನಿಗೆ ಮೂರು ಪ್ರಶ್ನೆ ಬರೆದ: ಲೆವಿ ಯಾರದ್ದು, ವಸತಿ ಕೊಡುತ್ತೀರಾ, ವರ್ಷಕ್ಕೊಮ್ಮೆ ರಜೆ ಸಾಧ್ಯವೇ. ಲೆವಿ ಆಗದು, ವಸತಿ ಕೊಡುತ್ತೇವೆ, ರಜೆ ಹದಿನೈದು ತಿಂಗಳಿಗೊಮ್ಮೆ ಎಂದು ಉತ್ತರ ಬಂದಿದೆ. ವೀಸಾವನ್ನು ಕಂಪೆನಿಯಿಂದಲೇ ನೇರವಾಗಿ ಪಡೆಯಬಹುದೇ ಎಂದು ಈಗ ವಿಚಾರಿಸುತ್ತಿದ್ದಾನೆ. ಚಿನ್ನ ಮನೆಯಲ್ಲೇ ಇದೆ. ಸಹಿ ಇನ್ನೂ ಹಾಕಿಲ್ಲ.