ಇಮೇಲ್‌ನಲ್ಲಿ ಬಂದ ಫೈಲು ತಿದ್ದಿದ ಮೇಲೆ ಎಲ್ಲಿ ಹೋಗುತ್ತದೆ?

ಕಳೆದ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ಸೂರಃ ಅಲ್ ಬಕರದ 282ನೇ ಆಯತ್ ಕುರಿತು ಮಾತನಾಡಿದ್ದೆವು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಅದು. ಅದರ ವಿಷಯ ನಮಾಝ್ ಅಲ್ಲ, ಉಪವಾಸವೂ ಅಲ್ಲ, ಸಾಲದ ಲೆಕ್ಕ ಬರೆದಿಡುವುದು. ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಉದಾಸೀನ ಮಾಡಬಾರದು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು ಎಂಬುದು ಅದರ ಸಾರ. ಖುತ್ಬಾದ ನಂತರ ಕೆಲವರು, "ಉಸ್ತಾದ್, ಈಗ ಲೆಕ್ಕವೆಲ್ಲ ಕಂಪ್ಯೂಟರ್‌ನಲ್ಲಿ. ಅದು ಕಾಣೆಯಾದರೆ ಏನು ಮಾಡುವುದು?" ಎಂದು ಕೇಳಿದರು. ಆ ಖುತ್ಬಾಕ್ಕೆ ಕಾರಣವೇ ನಮ್ಮ ಕೈಯಿಂದಾದ ಒಂದು ತಪ್ಪು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಜಮಾಅತಿನ ಬಡ್ಡಿರಹಿತ ಸಾಲ ನಿಧಿಯ ಪಟ್ಟಿಯನ್ನು ಕಾರ್ಯದರ್ಶಿಯವರು ಎಕ್ಸೆಲ್ ಫೈಲಾಗಿ ಇಮೇಲ್ ಮಾಡಿದ್ದರು. ಮಗ್ರಿಬ್ ಬಳಿಕ ಕಂತು ಕಟ್ಟಲು ಬರುವವರಿಂದ ಹಣ ಪಡೆದು ಚೀಟಿಯಲ್ಲಿ ಬರೆದಿಡುವುದು ನಮ್ಮ ಜವಾಬ್ದಾರಿ. ಒಂದು ರಾತ್ರಿ ಇಶಾ ಮುಗಿಸಿ, ಮಸೀದಿ ಆಫೀಸಿನ ಹಳೆಯ ಕಂಪ್ಯೂಟರ್‌ನಲ್ಲಿ ಔಟ್‌ಲುಕ್ ತೆರೆದು, ಅಟ್ಯಾಚ್‌ಮೆಂಟನ್ನು ಅಲ್ಲಿಂದಲೇ ತೆರೆದು ಎರಡು ತಿಂಗಳ ಚೀಟಿಗಳನ್ನು ಒಂದೊಂದಾಗಿ ತುಂಬಿದೆವು. ಸೇವ್ ಒತ್ತಿದಾಗ ಕಂಪ್ಯೂಟರ್ ಏನೋ ಕೇಳಿತು. ಜಾಗ ಯಾವುದೆಂದು ನೋಡದೆ ಮತ್ತೊಮ್ಮೆ ಸೇವ್ ಒತ್ತಿದೆವು. ಆಮೇಲೆ ಚೀಟಿಗಳನ್ನು ಹರಿದು ಕಸದ ಬುಟ್ಟಿಗೆ ಹಾಕಿದೆವು.

ಮರುದಿನ ಕೋಶಾಧಿಕಾರಿಯವರು ತಮಗೂ ಬಂದಿದ್ದ ಅದೇ ಇಮೇಲಿನ ಪಟ್ಟಿ ನೋಡಿ, ಬಾಕಿ ಇರುವವರಿಗೆ ಫೋನ್ ಮಾಡತೊಡಗಿದರು. ರಿಕ್ಷಾ ಓಡಿಸುವ ಸಹೋದರರೊಬ್ಬರಿಗೆ ಸ್ಟ್ಯಾಂಡಿನಲ್ಲಿ ಜೊತೆಗಾರರ ಎದುರಲ್ಲೇ ಆ ಫೋನ್ ಬಂತು. ಲುಹರ್‌ಗೆ ಮೊದಲೇ ಅವರು ಮಸೀದಿಗೆ ಬಂದರು. "ಉಸ್ತಾದ್, ಕೊನೆಯ 1,500 ರೂಪಾಯಿ ನಿಮ್ಮ ಕೈಯಲ್ಲೇ ಕೊಟ್ಟದ್ದಲ್ವಾ?" ಕೊಟ್ಟದ್ದು ನಮಗೆ ನೆನಪಿತ್ತು. ಆದರೆ ಇಮೇಲ್ ತೆರೆದರೆ ಹಳೆಯ ಪಟ್ಟಿಯೇ ಇದೆ, ರಾತ್ರಿ ಬರೆದ ಒಂದು ಸಾಲೂ ಇಲ್ಲ. ಅವರದ್ದು ನೆನಪಿತ್ತು ಸರಿ, ಉಳಿದವರದ್ದು?

ಹೀಗೇಕಾಗುತ್ತದೆ ಎಂಬುದನ್ನು ಅರ್ಥ ಮಾಡಿಕೊಂಡರೆ ಹುಡುಕುವುದು ಸುಲಭ. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಒಂದು ಕಾಗದದ ಜೆರಾಕ್ಸ್ ಪಡೆದು ಅದರ ಮೇಲೆ ಎಷ್ಟು ಗೀಚಿದರೂ ಒಳಗಿರುವ ಅಸಲು ಪ್ರತಿ ಬದಲಾಗುವುದಿಲ್ಲ. ಇಮೇಲ್ ಕೂಡ ಹಾಗೆಯೇ. ಅಟ್ಯಾಚ್‌ಮೆಂಟನ್ನು ಅಲ್ಲಿಂದಲೇ ತೆರೆದಾಗ ಕಂಪ್ಯೂಟರ್ ಅದರ ಒಂದು ಪ್ರತಿಯನ್ನು ತಾತ್ಕಾಲಿಕ ಫೋಲ್ಡರ್ ಒಂದರಲ್ಲಿ ಇಟ್ಟು ನಮಗೆ ತೋರಿಸುತ್ತದೆ. ನಾವು ತಿದ್ದುವುದು ಆ ಪ್ರತಿಯನ್ನು. ಔಟ್‌ಲುಕ್‌ನಲ್ಲಿ ಆ ಫೋಲ್ಡರಿನ ಹೆಸರು ಕಂಟೆಂಟ್ ಡಾಟ್ ಔಟ್‌ಲುಕ್. ಸಾಮಾನ್ಯವಾಗಿ ಕಣ್ಣಿಗೆ ಬೀಳದಂತೆ ಅಡಗಿಸಿಟ್ಟಿರುತ್ತದೆ. ಸೇವ್ ಎಲ್ಲಿಗೆ ಎಂದು ಕೇಳುವಾಗಲೂ ಕೆಲವೊಮ್ಮೆ ಅದೇ ಫೋಲ್ಡರನ್ನು ಮುಂದಿಡುತ್ತದೆ, ನಮ್ಮಂಥವರು ಒಪ್ಪಿಬಿಡುತ್ತೇವೆ.

ಕಂಪ್ಯೂಟರ್ ರಿಪೇರಿ ಮಾಡುವ ನಮ್ಮ ಜಮಾಅತಿನ ಯುವಕನಿಗೆ ಫೋನ್ ಮಾಡಿದೆವು. ಅವನು ಮೊದಲು ಹೇಳಿದ್ದು, "ಉಸ್ತಾದ್, ಏನನ್ನೂ ಮುಟ್ಟಬೇಡಿ." ಗಾಬರಿಯಲ್ಲಿ ಅದೇ ಅಟ್ಯಾಚ್‌ಮೆಂಟ್ ಮತ್ತೆ ತೆರೆದು ಸೇವ್ ಮಾಡಿದರೆ ಉಳಿದಿರಬಹುದಾದ ಪ್ರತಿಯ ಮೇಲೆ ಹಳೆಯದು ಕುಳಿತುಬಿಡಬಹುದು. ಕಸ ತೆಗೆಯುವ ಕ್ಲೀನರ್ ಸಾಫ್ಟ್‌ವೇರ್ ಓಡಿಸಿದರೆ ತಾತ್ಕಾಲಿಕ ಫೈಲುಗಳೇ ಮೊದಲು ಹೋಗುತ್ತವೆ.

ಅಸ್ರ್ ಬಳಿಕ ಅವನು ಬಂದು ಎಕ್ಸೆಲ್ ಒಂದನ್ನೇ ತೆರೆದ. ಫೈಲ್, ಓಪನ್, ರೀಸೆಂಟ್ ಎಂದು ಹೋದರೆ ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ ಬರುತ್ತದೆ. ಹೆಸರಿನ ಮೇಲೆ ಮೌಸ್ ಇಟ್ಟರೆ ಅದು ಇರುವ ಜಾಗವೂ ಕಾಣುತ್ತದೆ. ನಮ್ಮದು ಅಲ್ಲೇ ಸಿಕ್ಕಿತು! ತೆರೆದ ಕೂಡಲೇ ಸೇವ್ ಆ್ಯಸ್ ಒತ್ತಿ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಹಾಕಿದ. ಔಟ್‌ಲುಕ್ ಮುಚ್ಚುವಾಗ ಆ ತಾತ್ಕಾಲಿಕ ಪ್ರತಿಗಳನ್ನು ಅಳಿಸಿಹಾಕುತ್ತದೆ. ಆದರೆ ಆಗ ಫೈಲು ಇನ್ನೂ ತೆರೆದೇ ಇದ್ದರೆ ಅಳಿಸಲು ಆಗದೆ ಉಳಿದುಬಿಡುತ್ತದೆ. ನಾವು ನಿದ್ದೆಗಣ್ಣಿನಲ್ಲಿ ಮೊದಲು ಔಟ್‌ಲುಕ್ ಮುಚ್ಚಿ ಆಮೇಲೆ ಎಕ್ಸೆಲ್ ಮುಚ್ಚಿದ್ದೆವು. "ಸರಿಯಾದ ಕ್ರಮದಲ್ಲಿ ಮುಚ್ಚಿದ್ದರೆ ಹೋಗುತ್ತಿತ್ತು ಉಸ್ತಾದ್" ಎಂದು ಅವನು ನಕ್ಕ. ನಮಗೆ ನಗು ಬರಲಿಲ್ಲ.

ರೀಸೆಂಟ್ ಪಟ್ಟಿಯಲ್ಲಿ ಸಿಗದಿದ್ದರೆ, ಬೇರೊಂದು ಇಮೇಲಿನ ಎಕ್ಸೆಲ್ ಅಟ್ಯಾಚ್‌ಮೆಂಟ್ ತೆರೆದು ಸೇವ್ ಆ್ಯಸ್ ಒತ್ತಿ ನೋಡಬಹುದು. ಹಲವು ಬಾರಿ ಅದೇ ಅಡಗಿದ ಫೋಲ್ಡರ್ ಎದುರಾಗುತ್ತದೆ. ಸೇವ್ ಮಾಡದೆಯೇ ಮುಚ್ಚಿದ್ದರೆ ದಾರಿ ಬೇರೆ. ಎಕ್ಸೆಲ್‌ನಲ್ಲಿ ಫೈಲ್, ಇನ್ಫೋ, ಮ್ಯಾನೇಜ್ ವರ್ಕ್‌ಬುಕ್ ಎಂಬಲ್ಲಿ ಸೇವ್ ಆಗದ ಫೈಲುಗಳನ್ನು ಮರಳಿ ಪಡೆಯುವ ಆಯ್ಕೆ ಇದೆ. ವರ್ಡ್‌ನಲ್ಲಿ ಅದು ಮ್ಯಾನೇಜ್ ಡಾಕ್ಯುಮೆಂಟ್. ಬದಲಾಯಿಸದೆ ಬಿಟ್ಟಿದ್ದರೆ ಪ್ರತಿ 10 ನಿಮಿಷಕ್ಕೊಮ್ಮೆ ಇವು ತಾವಾಗಿಯೇ ಒಂದು ಪ್ರತಿ ಇಡುತ್ತವೆ, ಸಾಮಾನ್ಯವಾಗಿ 4 ದಿನ ಉಳಿಸುತ್ತವೆ. ಆದ್ದರಿಂದ ಮುಂದಿನ ವಾರ ನೋಡೋಣ ಎಂದು ಬಿಡಬಾರದು. ಬ್ರೌಸರ್‌ನಲ್ಲಿ ಜಿಮೇಲ್ ನೋಡುವವರು ಡೌನ್‌ಲೋಡ್ಸ್ ಫೋಲ್ಡರ್ ಹುಡುಕಲಿ. ಒಂದೇ ಹೆಸರಿನ ಪಕ್ಕದಲ್ಲಿ 1, 2 ಎಂದು ಸೇರಿಕೊಂಡ ಪ್ರತಿಗಳಿರುತ್ತವೆ, ತಿದ್ದಿದ್ದು ಯಾವುದೆಂದು ದಿನಾಂಕ, ಸಮಯ ನೋಡಿ ಗುರುತಿಸಬೇಕು. ಗೂಗಲ್ ಶೀಟ್ಸ್‌ನಲ್ಲಿ ತೆರೆದು ತಿದ್ದಿದ್ದರೆ ಡ್ರೈವ್‌ನಲ್ಲಿ ಇರುತ್ತದೆ.

ಇದೆಲ್ಲ ಮಾಡಿದರೂ ಸಿಗದೇ ಹೋಗಬಹುದು. ಅದಕ್ಕೇ ಮೊದಲು ಡೌನ್‌ಲೋಡ್ ಮಾಡಿ, ನಮ್ಮ ಫೋಲ್ಡರಿನಲ್ಲಿ ಹೆಸರಿಟ್ಟು ಉಳಿಸಿ, ಆಮೇಲೆ ತಿದ್ದಲು ಕೂರಬೇಕು. ಯಮಾಮ ಯುದ್ಧದಲ್ಲಿ ಅನೇಕ ಹಾಫಿಝ್‌ಗಳು ಶಹೀದರಾದ ನಂತರ ಹಝ್ರತ್ ಅಬೂಬಕರ್(ರ) ಅವರು ಕುರ್‌ಆನನ್ನು ಸಂಗ್ರಹಿಸುವ ಹೊಣೆಯನ್ನು ಹಝ್ರತ್ ಝೈದ್ ಬಿನ್ ಸಾಬಿತ್(ರ) ಅವರಿಗೆ ಒಪ್ಪಿಸಿದರು. ತಮಗೇ ಕಂಠಪಾಠವಿದ್ದರೂ ಝೈದ್(ರ) ಅಷ್ಟಕ್ಕೇ ನಿಲ್ಲದೆ ಬರೆದಿಟ್ಟದ್ದನ್ನೂ ಹುಡುಕಿದರು. ಆ ಹಾಳೆಗಳು ಮುಂದೆ ಉಮ್ಮುಲ್ ಮುಅ್‌ಮಿನೀನ್ ಹಫ್ಸಾ(ರ) ಅವರ ಬಳಿ ಇದ್ದವು. ಹಝ್ರತ್ ಉಸ್ಮಾನ್(ರ) ಅವುಗಳನ್ನು ತರಿಸಿ, ಪ್ರತಿಗಳನ್ನು ಬರೆಸಿ, ಅಸಲನ್ನು ಅವರಿಗೇ ಹಿಂತಿರುಗಿಸಿದರು. ಇದನ್ನು ಮದ್ರಸದಲ್ಲಿ ಮಕ್ಕಳಿಗೆ ವರ್ಷವರ್ಷವೂ ಕಲಿಸುವ ನಾವೇ ಚೀಟಿ ಹರಿದು ಹಾಕಿದ್ದೆವು.

ಪಟ್ಟಿಯಲ್ಲಿ ರಿಕ್ಷಾ ಸಹೋದರರ 1,500 ರೂಪಾಯಿ ಜಮಾ ಆಗಿತ್ತು. ಅವಮಾನವಾದದ್ದು ಸ್ಟ್ಯಾಂಡಿನಲ್ಲಿ, ಆದ್ದರಿಂದ ಕೋಶಾಧಿಕಾರಿಯವರೊಂದಿಗೆ ಅಲ್ಲಿಗೇ ಹೋಗಿ, ಆ ಜೊತೆಗಾರರ ಎದುರಲ್ಲೇ ಮಾಫಿ ಕೇಳಿದೆವು. ಅವರು ಕೈ ಹಿಡಿದು, "ಬಿಡಿ ಉಸ್ತಾದ್, ಆದರೆ ಇನ್ನು ರಶೀದಿ ಕೊಡಿ" ಎಂದರು. ಈಗ ಕಾರ್ಬನ್ ಹಾಕಿದ ರಶೀದಿ ಪುಸ್ತಕ ತಂದಿದ್ದೇವೆ. ಪಟ್ಟಿಯನ್ನು ಪ್ರತಿ ಶುಕ್ರವಾರ ದಿನಾಂಕದ ಹೆಸರಿನಲ್ಲಿ ಉಳಿಸಿ, ಪ್ರಿಂಟ್ ತೆಗೆದು, ಇಬ್ಬರು ಸಹಿ ಹಾಕುತ್ತಾರೆ. ಪುಸ್ತಕದ ಮೊದಲ ರಶೀದಿಯನ್ನು, ಹಣ ಕೊಟ್ಟ ದಿನಾಂಕವನ್ನೂ ನಮೂದಿಸಿ, ಅವರ ಹೆಸರಿಗೇ ಬರೆದೆವು.